ಒಬ್ಬನೇ ಮನುಷ್ಯ, ಎರಡು ಫಲಿತಾಂಶ: ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆಗಳ ವಿಮರ್ಶೆ

ಬೆಂಗಳೂರಿನ ಐಟಿ ಕಂಪನಿಗಳ ಟೀಮ್ ಔಟಿಂಗ್‌ಗಳಲ್ಲಿ, ಎಚ್‌ಆರ್ ತರಬೇತಿಗಳಲ್ಲಿ, ಈಚೆಗೆ ಮ್ಯಾಟ್ರಿಮೊನಿ ಪ್ರೊಫೈಲ್‌ಗಳಲ್ಲೂ ನಾಲ್ಕಕ್ಷರದ ಒಂದು ಗುರುತು ಕಣ್ಣಿಗೆ ಬೀಳುತ್ತದೆ: ಐಎನ್‌ಟಿಜೆ, ಇಎನ್‌ಎಫ್‌ಪಿ, ಐಎಸ್‌ಎಫ್‌ಜೆ. ಕೆಲವರು ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ, ಹಲವರು ಪುಕ್ಕಟೆ ತಾಣದಲ್ಲಿ ಹತ್ತು ನಿಮಿಷ ಕೂತು ಪಡೆದಿರುತ್ತಾರೆ. ಮೂರು ತಿಂಗಳು ಬಿಟ್ಟು ಮತ್ತೆ ಕೂತರೆ ಒಂದಕ್ಷರ ಬದಲಾಗಿರುತ್ತದೆ. ಆಗ ಬರುವ ಪ್ರಶ್ನೆ, ಬದಲಾಗಿದ್ದು ಮನುಷ್ಯನೋ ಪರೀಕ್ಷೆಯೋ?

ಇಲ್ಲಿ ಮೂರು ಬಗೆಯ ಪರೀಕ್ಷೆಗಳನ್ನು ನೋಡೋಣ. ಮನುಷ್ಯರನ್ನು ಬೇರೆ ಬೇರೆ ಮಾದರಿಗಳಾಗಿ ವಿಂಗಡಿಸುವ ನಾಲ್ಕಕ್ಷರದ ‘ಮಾದರಿ’ ಪರೀಕ್ಷೆಗಳು (ಅಧಿಕೃತ ಎಂಬಿಟಿಐ, ಅಂದರೆ ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್, ಮತ್ತು ಅದರಂತೆ ಕಾಣುವ 16ಪರ್ಸನಾಲಿಟೀಸ್), ಐದು ಗುಣಗಳನ್ನು ಅಳೆಯುವ ಐಪಿಐಪಿ-ನಿಯೋ, ಪ್ರಾಮಾಣಿಕತೆಯನ್ನೂ ಸೇರಿಸಿ ಆರು ಗುಣಗಳನ್ನು ಅಳೆಯುವ ಹೆಕ್ಸಾಕೊ. ಮೂರಕ್ಕೂ ಒಂದೇ ಒರೆಗಲ್ಲು: ಆಫೀಸಿನಲ್ಲಿ ಒಂದು ಥರ, ಮನೆಯಲ್ಲಿ ಒಂದು ಥರ, ಹೇಳುವುದು ಒಂದು, ಮಾಡುವುದು ಇನ್ನೊಂದು ಎಂದು ಬದುಕುವ ನಮ್ಮಂಥ ಸಾಮಾನ್ಯರ ಏರುಪೇರನ್ನು ಇವು ಹೇಗೆ ನಿಭಾಯಿಸುತ್ತವೆ?

ಮೊದಲು ಮಾದರಿ ಪರೀಕ್ಷೆ. ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ಮನೋಮಾದರಿಗಳ ವಿಚಾರವನ್ನು ಹಿಡಿದು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಕಟ್ಟಿದ್ದು ಎಂಬಿಟಿಐ. ನಾಲ್ಕು ಜೋಡಿ: ಬಹಿರ್ಮುಖಿ-ಅಂತರ್ಮುಖಿ, ಇಂದ್ರಿಯಾನುಭವ-ಅಂತಃಸ್ಫುರಣೆ, ತರ್ಕ-ಭಾವ, ತೀರ್ಮಾನ-ಗ್ರಹಿಕೆ. ಒಂದೊಂದು ಬದಿಗೂ ಒಂದು ಇಂಗ್ಲಿಷ್ ಅಕ್ಷರ. ಒಂದೊಂದು ಜೋಡಿಯಲ್ಲಿ ಒಂದು ಬದಿ ಆರಿಸಿದರೆ ಹದಿನಾರು ಮಾದರಿ. ಬಹುಕಾಲ ಚಾಲ್ತಿಯಲ್ಲಿದ್ದ ಫಾರ್ಮ್ ಎಂ ಎಂಬ ಆವೃತ್ತಿಯಲ್ಲಿ 93 ಪ್ರಶ್ನೆ, ಪ್ರತಿಯೊಂದಕ್ಕೂ ಎರಡೇ ಉತ್ತರ, ಯಾವುದಾದರೂ ಒಂದನ್ನು ಆರಿಸಲೇಬೇಕು. 16ಪರ್ಸನಾಲಿಟೀಸ್ ಬೇರೆಯೇ ಕಂಪನಿಯ ಬೇರೆಯೇ ಪರೀಕ್ಷೆ. ಒಂದು ಹೇಳಿಕೆ, ಅದರ ಕೆಳಗೆ ‘ಒಪ್ಪುತ್ತೇನೆ’ಯಿಂದ ‘ಒಪ್ಪುವುದಿಲ್ಲ’ದವರೆಗೆ ಬಣ್ಣ ಬಣ್ಣದ ಏಳು ಸುತ್ತು. ಕೊನೆಗೆ ನಾಲ್ಕಕ್ಷರದ ಜೊತೆ ಎ ಅಥವಾ ಟಿ (ಆತ್ಮವಿಶ್ವಾಸಿಯೋ ತಳಮಳದವರೋ) ಎಂಬ ಐದನೆಯ ಬಾಲ. ಎರಡನ್ನೂ ಒಂದೇ ಎಂದು ತಿಳಿದು, ಒಂದರ ಫಲಿತಾಂಶಕ್ಕೆ ಇನ್ನೊಂದರ ವಿವರಣೆ ಓದುವವರು ಬೇಕಾದಷ್ಟಿದ್ದಾರೆ. ಅಲ್ಲೇ ಮೊದಲ ಎಡವಟ್ಟು.

ಎರಡನೆಯದು ಗಣಿತದ್ದು, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮರುಪರೀಕ್ಷೆಯಲ್ಲಿ ಒಂದು ಅಕ್ಷರ ಬದಲಾಗದೆ ಉಳಿಯುವ ಸಂಭವ ಶೇ 85 ಎಂದು ಇಟ್ಟುಕೊಳ್ಳಿ. ಕೇಳಲು ಚೆನ್ನಾಗಿಯೇ ಇದೆ. ಆದರೆ ಮಾದರಿ ಉಳಿಯಬೇಕಾದರೆ ನಾಲ್ಕೂ ಅಕ್ಷರ ಒಟ್ಟಿಗೆ ಉಳಿಯಬೇಕು. 0.85ನ್ನು ನಾಲ್ಕು ಸಲ ಗುಣಿಸಿದರೆ 0.52. ಅಂದರೆ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಎರಡನೇ ಸಲ ಬೇರೆ ಮಾದರಿಯವರಾಗುತ್ತಾರೆ. ಒಂದೊಂದು ಅಕ್ಷರ ಶೇ 90ರಷ್ಟು ಗಟ್ಟಿ ಎಂದರೂ 0.66ಕ್ಕೆ ನಿಲ್ಲುತ್ತದೆ, ಮೂವರಲ್ಲಿ ಒಬ್ಬರು ಜಾರುತ್ತಾರೆ. ಐದು ವಾರದ ಅಂತರದಲ್ಲಿ ಅರ್ಧದಷ್ಟು ಜನರವರೆಗೆ ಮಾದರಿ ಬದಲಾಗುತ್ತದೆ ಎಂದು 1990ರ ದಶಕದಿಂದ ಈ ಪರೀಕ್ಷೆಯ ವಿಮರ್ಶಕರು ಹೇಳುತ್ತ ಬಂದಿರುವ ಮಾತಿಗೆ ಈ ಸರಳ ಗುಣಾಕಾರ ಸರಿಹೊಂದುತ್ತದೆ.

ಜಾರುವುದು ಎಲ್ಲಿ ಎಂದರೆ ನಡುವಿನ ಗೆರೆಯಲ್ಲಿ. ಜನರ ಅಂಕಗಳನ್ನು ಗುರುತು ಹಾಕಿದರೆ ಬಹುಪಾಲು ನಡುವಿನಲ್ಲೇ ಗುಡ್ಡೆಯಾಗುತ್ತವೆ, ಎರಡು ತುದಿಯಲ್ಲಿ ಕೆಲವರೇ. ಐದೂವರೆ ಅಡಿಗಿಂತ ಒಂದು ನೂಲು ಹೆಚ್ಚಿದ್ದವರೆಲ್ಲ ಉದ್ದ, ಒಂದು ನೂಲು ಕಡಿಮೆ ಇದ್ದವರೆಲ್ಲ ಗಿಡ್ಡ ಎಂದು ಊರನ್ನು ಇಬ್ಭಾಗ ಮಾಡಿದ ಹಾಗೆ. ಶೇ 51 ಅಂತರ್ಮುಖಿಗೂ ಶೇ 95 ಅಂತರ್ಮುಖಿಗೂ ಸಿಗುವ ಅಕ್ಷರ ಒಂದೇ. ಶೇ 51ರವರಿಗೂ ಶೇ 49ರವರಿಗೂ ಸಿಗುವ ಅಕ್ಷರ ಬೇರೆ. ಹಿಂದಿನ ರಾತ್ರಿ ನಿದ್ದೆಗೆಟ್ಟು ಎರಡು ಪ್ರಶ್ನೆಗೆ ಬೇರೆ ಉತ್ತರ ಒತ್ತಿದರೂ ಸಾಕು, ಮನುಷ್ಯನ ವರ್ಣನೆಯ ಪುಟವೇ ಬದಲು. 16ಪರ್ಸನಾಲಿಟೀಸ್‌ನಲ್ಲಿ ಶೇಕಡಾವಾರು ಪಟ್ಟಿ ಕಾಣುತ್ತದೆ, ಅದು ಒಳ್ಳೆಯದೇ. ಶೇ 40ರಿಂದ 60ರ ನಡುವೆ ಬಂದ ಯಾವ ಅಕ್ಷರವನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆಮೇಲೆ ಎಷ್ಟು ಅಕ್ಷರ ಉಳಿಯಿತು ನೋಡಿ. ಬಹಳ ಜನಕ್ಕೆ ಒಂದೋ ಎರಡೋ ಉಳಿಯುತ್ತವೆ.

ಹಾಗಾದರೆ ಓದಿದಾಗ ‘ಅರೆ, ಇದು ನಾನೇ’ ಅನಿಸುವುದು ಯಾಕೆ? ಅದಕ್ಕೂ ಹಳೆಯ ಉತ್ತರ ಇದೆ. ಬರ್ಟ್ರಮ್ ಫೋರರ್ ಎಂಬ ಮನೋವಿಜ್ಞಾನಿ ತನ್ನ ತರಗತಿಯ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ‘ನಿನ್ನ ವರದಿ’ ಎಂದು ಹಂಚಿದ. ಐದಕ್ಕೆ ಸರಾಸರಿ 4.26 ಅಂಕದಷ್ಟು ನಿಖರವಾಗಿದೆ ಎಂದು ಅವರು ಹೇಳಿದರು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ಹಾಳೆ, ಅದರ ಬಹುಪಾಲು ಸಾಲುಗಳು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಇದು ಪ್ರಕಟವಾದದ್ದು 1949ರಲ್ಲಿ. ‘ಕೆಲವೊಮ್ಮೆ ನೀವು ಎಲ್ಲರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ಒಂಟಿಯಾಗಿರಲು ಬಯಸುತ್ತೀರಿ’ ಎಂಬ ಧಾಟಿಯ ಸಾಲು ಯಾರಿಗೆ ತಾನೇ ಹೊಂದುವುದಿಲ್ಲ? ಇಂಥ ಸಾಲಿನ ಜಾಣತನ ಇರುವುದೇ ಇಲ್ಲಿ: ನಮ್ಮೊಳಗಿನ ಎರಡು ವಿರುದ್ಧ ಮುಖಗಳನ್ನೂ ಅದು ಒಟ್ಟಿಗೆ ಮುದ್ದಿಸುತ್ತದೆ. ಪರೀಕ್ಷಿಸುವುದು ಸುಲಭ. ನಿಮ್ಮದಲ್ಲದ ಮೂರು ಮಾದರಿಗಳ ವಿವರಣೆಯನ್ನು ಹೆಸರು ತೆಗೆದು, ನಿಮ್ಮದರ ಜೊತೆ ಬೆರೆಸಿ, ನಿಮ್ಮನ್ನು ಚೆನ್ನಾಗಿ ಬಲ್ಲವರ ಕೈಗೆ ಕೊಡಿ. ಯಾವುದು ನಿಮ್ಮದು ಎಂದು ಅವರು ಹೇಳಲಿ.

ನಮ್ಮ ತೀರ್ಪು: ಪುಕ್ಕಟೆ ಸಿಕ್ಕರೆ ಹರಟೆಗೆ ಅಡ್ಡಿಯಿಲ್ಲ, ದುಡ್ಡು ಕೊಡುವಂಥದ್ದಲ್ಲ. ಐದಕ್ಕೆ ಎರಡು. ಆ ಎರಡೂ ವಿನ್ಯಾಸದ ಅಂದಕ್ಕೆ.

ಐಪಿಐಪಿ-ನಿಯೋ ನೋಡಲು ಬಡಕಲು. ಹಳೇ ಕಾಲದ ವೆಬ್ ಪುಟ, ಚಿತ್ರವಿಲ್ಲ, ಬಣ್ಣವಿಲ್ಲ, ಉದ್ದುದ್ದ ಇಂಗ್ಲಿಷ್ ಪ್ಯಾರಾ. ಆದರೆ ಕೆಲಸ ಮಾಡುವುದು ಇದೇ. ಲೂಯಿಸ್ ಗೋಲ್ಡ್‌ಬರ್ಗ್ ಶುರುಮಾಡಿದ ಸಾರ್ವಜನಿಕ ಪ್ರಶ್ನಾಭಂಡಾರದಿಂದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಜಾನ್ಸನ್ ಸಿದ್ಧಪಡಿಸಿದ್ದು. ಉದ್ದದ ಆವೃತ್ತಿಯಲ್ಲಿ 300 ಪ್ರಶ್ನೆ, ಚಿಕ್ಕದರಲ್ಲಿ 120. ಚಿಕ್ಕದು ಸಾಕು, ಹದಿನೈದು-ಇಪ್ಪತ್ತು ನಿಮಿಷದ ಕೆಲಸ. ಐದು ದೊಡ್ಡ ಗುಣಗಳು: ಬಹಿರ್ಮುಖತೆ, ಸೌಹಾರ್ದ, ಶಿಸ್ತು, ಭಾವನಾತ್ಮಕ ಅಸ್ಥಿರತೆ, ಹೊಸತಿಗೆ ತೆರೆದ ಮನಸ್ಸು. ಒಂದೊಂದರ ಕೆಳಗೆ ಆರು ಉಪಗುಣ, ಒಂದೊಂದು ಉಪಗುಣಕ್ಕೆ ನಾಲ್ಕು ಪ್ರಶ್ನೆ. ಉತ್ತರ 1ರಿಂದ 5. ಕೆಲವು ಪ್ರಶ್ನೆಗಳನ್ನು ಬೇಕೆಂದೇ ತಿರುಗಿಸಿ ಕೇಳಿರುತ್ತಾರೆ, ಅವುಗಳ ಅಂಕವನ್ನು 6ರಿಂದ ಕಳೆದು ಕೂಡಿಸುತ್ತಾರೆ. ಎಲ್ಲದಕ್ಕೂ ‘ಹೌದು ಹೌದು’ ಎನ್ನುವವರ ಬಣ್ಣ ಬಯಲಾಗುವುದು ಅಲ್ಲಿ.

ಒಂದು ಉಪಗುಣವನ್ನು ಹತ್ತಿರದಿಂದ ನೋಡೋಣ. ಅಚ್ಚುಕಟ್ಟುತನ. ನಾಲ್ಕು ಹೇಳಿಕೆಗಳ ಸಾರ ಇಷ್ಟು: ಓರಣ ಮಾಡುವುದು ನನಗಿಷ್ಟ, ತೆಗೆದ ವಸ್ತುವನ್ನು ಅದರ ಜಾಗದಲ್ಲಿ ಇಡಲು ಮರೆಯುತ್ತೇನೆ, ನನ್ನ ಕೋಣೆ ಹರಡಿಕೊಂಡಿರುತ್ತದೆ, ನನ್ನ ಸಾಮಾನು ಅಲ್ಲಲ್ಲೇ ಬಿಟ್ಟಿರುತ್ತೇನೆ. ಈಗ ಬೆಳಿಗ್ಗೆ ಎದ್ದ ಹಾಸಿಗೆಯನ್ನು ಅಮ್ಮ ಮಡಚುವ, ಒದ್ದೆ ಟವೆಲನ್ನು ಕೆಲಸದವರು ಒಣಗಿಸುವ ಮನೆಯ ಹುಡುಗ ಇದಕ್ಕೆ ಏನು ಉತ್ತರ ಕೊಡಬೇಕು? ಕೋಣೆ ಹರಡಿಕೊಂಡಿಲ್ಲ, ನಿಜ. ಆದರೆ ಅದು ಅವನ ಗುಣವಲ್ಲ, ಮನೆಯ ವ್ಯವಸ್ಥೆ. ಅದೇ ಹುಡುಗನ ಆಫೀಸ್ ಲ್ಯಾಪ್‌ಟಾಪಿನ ಫೋಲ್ಡರುಗಳು ಕನ್ನಡಿಯ ಹಾಗೆ ಇರಬಹುದು. ನಾಲ್ಕರಲ್ಲಿ ಮೂರು ಪ್ರಶ್ನೆ ಸಾಮಾನು-ಕೋಣೆಗಳ ಸುತ್ತಲೇ ತಿರುಗುವುದರಿಂದ, ಫೋಲ್ಡರಿನ ಓರಣ ಲೆಕ್ಕಕ್ಕೆ ಬರುವುದೇ ಇಲ್ಲ. ಪ್ರಶ್ನೆ ಕೇಳುವವರು ಒಂದು ಬದುಕನ್ನು ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆ: ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ, ತನ್ನ ಕೆಲಸ ತಾನೇ ಮಾಡಿಕೊಳ್ಳುವ ಬದುಕು. ಕೂಡುಕುಟುಂಬದವರು, ಪಿಜಿಯಲ್ಲಿರುವವರು ಉತ್ತರಿಸುವಾಗ ‘ಯಾರೂ ಎತ್ತಿಡದಿದ್ದರೆ ಹೇಗಿರುತ್ತಿತ್ತು’ ಎಂದು ಯೋಚಿಸಿ ಒತ್ತಬೇಕು.

ವರದಿ ಬರುವುದು ಪರ್ಸೆಂಟೈಲ್‌ನಲ್ಲಿ. ಅಂದರೆ ನೂರು ಜನರಲ್ಲಿ ಎಷ್ಟು ಮಂದಿ ನಿಮಗಿಂತ ಕೆಳಗಿದ್ದಾರೆ ಎಂಬ ಲೆಕ್ಕದಲ್ಲಿ. ನಿಮ್ಮ ಲಿಂಗ, ವಯಸ್ಸಿನ ಗುಂಪಿನ ಜೊತೆ ಹೋಲಿಸಿ, ಕೆಳಗಿನ ಶೇ 30ರೊಳಗೆ ಬಂದರೆ ಕಡಿಮೆ, ಮೇಲಿನ ಶೇ 30ರೊಳಗೆ ಬಂದರೆ ಹೆಚ್ಚು, ನಡುವೆ ಇದ್ದರೆ ಸಾಧಾರಣ. ಇಲ್ಲೂ ಗೆರೆ ಇದೆ, ಆದರೆ ಸಂಖ್ಯೆಯನ್ನು ಮುಚ್ಚಿಡುವುದಿಲ್ಲ. ಓದುವ ಕ್ರಮ ಗೊತ್ತಿರಬೇಕು ಅಷ್ಟೇ. ಯಾವ ಅಳತೆಗೂ ಒಂದು ದೋಷದ ಅಂಚು ಇರುತ್ತದೆ. ಐದು ದೊಡ್ಡ ಗುಣಗಳಿಗೆ ಒಂದೊಂದಕ್ಕೆ 24 ಪ್ರಶ್ನೆ ಇರುವುದರಿಂದ ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅಂಕ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು, 1 ಎಂದರೆ ಪೂರ್ತಿ ಗಟ್ಟಿ) 0.88ರಷ್ಟಿದೆ ಎಂದುಕೊಂಡರೆ, ನಿಮಗೆ ಬಂದ 50ನೇ ಪರ್ಸೆಂಟೈಲ್ ನಿಜದಲ್ಲಿ 36ರಿಂದ 64ರ ನಡುವೆ ಎಲ್ಲಾದರೂ ಇರಬಹುದು. ನಾಲ್ಕೇ ಪ್ರಶ್ನೆಯ ಉಪಗುಣಕ್ಕೆ 0.7 ಎಂದುಕೊಂಡರೆ ಅದೇ 50 ಎಂಬುದು 29ರಿಂದ 71ರವರೆಗೆ ಹರಡುತ್ತದೆ. ಅಂದರೆ ‘ಕಡಿಮೆ’ಯಿಂದ ‘ಹೆಚ್ಚು’ವರೆಗೆ, ಇಡೀ ಮೈದಾನ! ಇದೂ ದೋಷದ ಸಾಮಾನ್ಯ ಅಂಚು ಮಾತ್ರ. ಮೂವರಲ್ಲಿ ಒಬ್ಬರು ಅದರಾಚೆಗೂ ಹೋಗುತ್ತಾರೆ. ಹಾಗಾಗಿ ಐದು ದೊಡ್ಡ ಅಂಕಗಳನ್ನು ನೋಡಿ, ಉಪಗುಣಗಳಲ್ಲಿ 15ಕ್ಕಿಂತ ಕೆಳಗಿನದು, 85ಕ್ಕಿಂತ ಮೇಲಿನದು ಮಾತ್ರ ಗಮನಿಸಿ, ಉಳಿದದ್ದನ್ನು ಬಿಡಿ. ಆರು ತಿಂಗಳ ನಂತರ 45 ಇದ್ದದ್ದು 58 ಆದರೆ ‘ನಾನು ಬದಲಾದೆ’ ಎಂದು ಹಿಗ್ಗುವಂಥದ್ದೇನೂ ಇಲ್ಲ. ಇನ್ನೊಂದು ಕಿವಿಮಾತು: ವರದಿ ತೆರೆದ ಕೂಡಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಕಿಟಕಿ ಮುಚ್ಚಿದರೆ ಮತ್ತೆ 120 ಪ್ರಶ್ನೆ.

ಹೆಕ್ಸಾಕೊ ಕೆನಡಾದ ಕಿಬಮ್ ಲೀ ಮತ್ತು ಮೈಕೆಲ್ ಆಷ್ಟನ್ ಅವರದು. ತಾಣದಲ್ಲಿ ಪುಕ್ಕಟೆ, 100 ಪ್ರಶ್ನೆ. ಐದರ ಜೊತೆ ಆರನೆಯದಾಗಿ ಪ್ರಾಮಾಣಿಕತೆ-ವಿನಯ ಎಂಬ ಗುಣವನ್ನು ಸೇರಿಸಿದ್ದೇ ಇದರ ಹೆಚ್ಚುಗಾರಿಕೆ. ಅದರ ಉಪಗುಣಗಳು ನಿಷ್ಕಪಟತೆ, ನ್ಯಾಯ, ದುರಾಸೆಯಿಲ್ಲದಿರುವುದು, ನಮ್ರತೆ. ಸಿಕ್ಕಿಬೀಳುವುದೇ ಇಲ್ಲ ಎಂದು ಖಾತ್ರಿ ಇದ್ದರೆ ದೊಡ್ಡ ಮೊತ್ತ ಕದಿಯುತ್ತೀರಾ ಎಂಬ ಧಾಟಿಯ ಪ್ರಶ್ನೆಗಳಿವೆ. ಕೆಲಸಕ್ಕೆ ಅರ್ಜಿ ಹಾಕಿದವರು ಇದಕ್ಕೆ ಏನು ಒತ್ತುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ತನ್ನಷ್ಟಕ್ಕೆ ಕೂತು, ಯಾರಿಗೂ ತೋರಿಸದೆ ಉತ್ತರಿಸಿದರೆ ಮಾತ್ರ ಈ ಪರೀಕ್ಷೆಗೆ ಅರ್ಥ. ಫಲಿತಾಂಶ 1ರಿಂದ 5ರ ಅಳತೆಯಲ್ಲಿ, ಉಳಿದವರ ನಡುವಿನ ಅಂಕದ ಜೊತೆಗೆ ಬರುತ್ತದೆ. ಮಾದರಿ ಇಲ್ಲ, ಬಿರುದಿಲ್ಲ.

ಆದರೆ ಪ್ರಾಮಾಣಿಕತೆಗೆ ಒಂದೇ ಅಂಕ ಕೊಡಬಹುದೇ? ಇದು ಹೆಕ್ಸಾಕೊಗೆ ಮಾತ್ರ ಅಲ್ಲ, ಈ ಇಡೀ ವ್ಯಾಪಾರಕ್ಕೇ ಕೇಳಬೇಕಾದ ಪ್ರಶ್ನೆ. ಹ್ಯೂ ಹಾರ್ಟ್‌ಶೋರ್ನ್ ಮತ್ತು ಮಾರ್ಕ್ ಮೇ ಎಂಬಿಬ್ಬರು 1920ರ ದಶಕದಲ್ಲಿ ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಮೋಸ ಮಾಡಲು, ಸುಳ್ಳು ಹೇಳಲು, ಕದಿಯಲು ಗುಟ್ಟಾಗಿ ಅವಕಾಶ ಮಾಡಿಕೊಟ್ಟು ನೋಡಿದರು. ಉತ್ತರಪತ್ರಿಕೆ ತಾವೇ ತಿದ್ದಿಕೊಳ್ಳುವಾಗ ಅಂಕ ಹೆಚ್ಚಿಸಿಕೊಂಡ ಹುಡುಗ ಆಟದಲ್ಲೂ ಮೋಸ ಮಾಡುತ್ತಾನೆ, ಮನೆಗೆ ಕೊಟ್ಟ ಲೆಕ್ಕದಲ್ಲೂ ಮೋಸ ಮಾಡುತ್ತಾನೆ ಎಂದು ನಾವೆಲ್ಲ ಎಣಿಸುತ್ತೇವೆ. 1928ರಲ್ಲಿ ಪ್ರಕಟವಾದ ಲೆಕ್ಕ ಬೇರೆ ಹೇಳಿತು. ಒಂದು ಸಂದರ್ಭಕ್ಕೂ ಇನ್ನೊಂದು ಸಂದರ್ಭಕ್ಕೂ ನಡುವಿನ ಸಹಸಂಬಂಧ ಸರಾಸರಿ 0.23 (0 ಎಂದರೆ ನಂಟೇ ಇಲ್ಲ, 1 ಎಂದರೆ ಪೂರ್ತಿ ಹೊಂದಿಕೆ). ಒಂದು ಕಡೆಯ ನಡತೆಯಿಂದ ಇನ್ನೊಂದು ಕಡೆಯದನ್ನು ಊಹಿಸಲು ಸಾಲದಷ್ಟು ಸಣ್ಣದು. 1968ರಲ್ಲಿ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ, ಪ್ರಶ್ನಾವಳಿಯ ಅಂಕಕ್ಕೂ ಒಂದು ನಿರ್ದಿಷ್ಟ ನಡತೆಗೂ ನಡುವಿನ ಸಂಬಂಧ ಹೆಚ್ಚೆಂದರೆ 0.3ರ ಆಸುಪಾಸು ಎಂದಾಗ ವ್ಯಕ್ತಿತ್ವ ಮನೋವಿಜ್ಞಾನದಲ್ಲಿ ಎರಡು ದಶಕದ ಜಗಳವೇ ಶುರುವಾಯಿತು.

ಅದಕ್ಕೆ ಪರೀಕ್ಷೆ ಮಾಡುವವರ ಕಡೆಯ ಉತ್ತರವೂ ಗಟ್ಟಿಯೇ. ಸೇಮೂರ್ ಎಪ್‌ಸ್ಟೈನ್ 1979ರಲ್ಲಿ ತೋರಿಸಿದ್ದು ಇದು: ಒಂದು ದಿನದ ನಡತೆಗೆ ಇನ್ನೊಂದು ದಿನದ್ದು ಹೊಂದುವುದಿಲ್ಲ, ಆದರೆ ಹಲವು ದಿನದ ಸರಾಸರಿಗೆ ಹಲವು ದಿನದ ಸರಾಸರಿ ಚೆನ್ನಾಗಿಯೇ ಹೊಂದುತ್ತದೆ. ಲೆಕ್ಕ ಹಾಕಿ ನೋಡಬಹುದು. ಒಂದೊಂದು ಸಂದರ್ಭದ ನಡುವಿನ ಸಂಬಂಧ 0.23 ಇದ್ದರೆ, ಹತ್ತು ಸಂದರ್ಭಗಳ ಸರಾಸರಿಯ ವಿಶ್ವಾಸಾರ್ಹತೆ, 0.23ರ ಹತ್ತು ಪಟ್ಟಾದ 2.3ನ್ನು, 1ಕ್ಕೆ 0.23ರ ಒಂಬತ್ತು ಪಟ್ಟು ಕೂಡಿಸಿದ 3.07ರಿಂದ ಭಾಗಿಸಿದಷ್ಟು, ಅಂದರೆ 0.75. ಇಪ್ಪತ್ತಕ್ಕೆ 0.86. ಇದೇ ಕಾರಣಕ್ಕೆ ‘ಈ ಮನುಷ್ಯ ಒಟ್ಟಾರೆ ಹೇಗೆ’ ಎಂಬುದಕ್ಕೆ ಪ್ರಶ್ನಾವಳಿ ಉತ್ತರ ಕೊಡಬಲ್ಲದು. ‘ನಾಳೆ ಹನ್ನೊಂದು ಗಂಟೆಯ ಮೀಟಿಂಗಿನಲ್ಲಿ ಹೇಗೆ’ ಎಂಬುದಕ್ಕೆ ಕೊಡಲಾರದು. ಕೊಳ್ಳುವವರಿಗೆ ಬೇಕಿರುವುದು ಸಾಮಾನ್ಯವಾಗಿ ಎರಡನೆಯದು, ಮಾರಾಟವಾಗುವುದು ಮೊದಲನೆಯದು. ಪರೀಕ್ಷೆಯ ದೊಡ್ಡ ಕೊರತೆ ಇದೇ, ಮತ್ತು ಯಾವ ತಾಣವೂ ಇದನ್ನು ಮೊದಲ ಪುಟದಲ್ಲಿ ಬರೆಯುವುದಿಲ್ಲ.

ನಂಬಿಕೆ ಮತ್ತು ನಡತೆಯ ನಡುವಿನ ಬಿರುಕು ಇನ್ನೂ ಅಗಲ. ರಿಚರ್ಡ್ ಲಾಪಿಯೆರ್ ಎಂಬ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಒಂದು ಚೀನೀ ದಂಪತಿಯ ಜೊತೆ ಅಮೆರಿಕ ಸುತ್ತಿದ. ಚೀನೀಯರ ಮೇಲೆ ಬಹಿರಂಗ ದ್ವೇಷ ಇದ್ದ ಕಾಲ. 251 ಹೋಟೆಲು, ತಂಗುದಾಣ, ಊಟದ ಮನೆಗಳಲ್ಲಿ ಬಾಗಿಲು ಮುಚ್ಚಿದ್ದು ಒಂದೇ ಒಂದು ಕಡೆ. ಆರು ತಿಂಗಳ ನಂತರ ಅದೇ ಜಾಗಗಳಿಗೆ ಚೀನೀ ಗಿರಾಕಿಗಳನ್ನು ಸೇರಿಸುತ್ತೀರಾ ಎಂದು ಪತ್ರ ಬರೆದಾಗ ಉತ್ತರಿಸಿದ 128ರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದರು. ಇಲ್ಲಿ ನಡತೆ ಮಾತಿಗಿಂತ ಮೇಲಿತ್ತು ಎಂಬುದನ್ನು ಗಮನಿಸಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಾವು ಒಂದೇ ದಿಕ್ಕಿನ ಅಸಂಗತಿಯನ್ನು ಆಡಿಕೊಳ್ಳುತ್ತೇವೆ. ಕೆಟ್ಟ ಪುರಾಣ ಹೇಳಿ ಒಳ್ಳೆ ಊಟ ಬಡಿಸುವವರೂ ಇದ್ದಾರೆ. ಪತ್ರಕ್ಕೆ ಉತ್ತರ ಬರೆದವರೂ ಬಾಗಿಲಲ್ಲಿ ನಿಂತು ಬರಮಾಡಿಕೊಂಡವರೂ ಒಬ್ಬರೇ ಆಗಿರಬೇಕಿಲ್ಲ ಎಂಬ ಆಕ್ಷೇಪ ಈ ಅಧ್ಯಯನದ ಮೇಲಿದೆ, ಸರಿಯಾದದ್ದೇ. ಆದರೂ ಮುಖ್ಯ ಪಾಠ ಪ್ರಶ್ನೆ ಬರೆಯುವವರಿಗೆ: ‘ಚೀನೀಯರು’ ಎಂಬ ಹೆಸರನ್ನು ಕೇಳಿದ್ದು ಪತ್ರ, ಎದುರಿಗೆ ಬಂದದ್ದು ಒಳ್ಳೆಯ ಬಟ್ಟೆ ಹಾಕಿ ನಗುತ್ತ ಇಂಗ್ಲಿಷ್ ಮಾತಾಡುವ ಇಬ್ಬರು ಮನುಷ್ಯರು. ಕೇಳಿದ ಪ್ರಶ್ನೆಯೂ ಅಳೆಯುವ ನಡತೆಯೂ ಯಾರ ಜೊತೆ, ಎಲ್ಲಿ, ಯಾವಾಗ ಎಂಬ ವಿವರದಲ್ಲಿ ಹೊಂದದಿದ್ದರೆ ಉತ್ತರವೂ ಹೊಂದುವುದಿಲ್ಲ. ಐಸೆಕ್ ಆಜೆನ್ ಮತ್ತು ಮಾರ್ಟಿನ್ ಫಿಶ್‌ಬೈನ್ 1977ರಲ್ಲಿ ಇದನ್ನೇ ನಿಯಮವಾಗಿ ಮಂಡಿಸಿದರು.

ಇನ್ನೊಂದು ಪ್ರಯೋಗ ಪ್ರಿನ್ಸ್‌ಟನ್‌ನಲ್ಲಿ, ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ, 1973ರದು. ಪಕ್ಕದ ಕಟ್ಟಡಕ್ಕೆ ಹೋಗಿ ಮಾತಾಡಿ ಬನ್ನಿ ಎಂದು ಕಳಿಸುತ್ತಾರೆ. ಕೆಲವರ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆಯೇ. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಿದ್ದಾನೆ. ಆತುರವಿಲ್ಲದವರಲ್ಲಿ ಶೇ 63 ಮಂದಿ ನೆರವಾದರು, ತುಸು ಆತುರ ಇದ್ದವರಲ್ಲಿ ಶೇ 45, ‘ಆಗಲೇ ತಡವಾಗಿದೆ’ ಎಂದು ಅಟ್ಟಿಸಿಕೊಂಡವರಲ್ಲಿ ಶೇ 10. ಯಾವ ವಿಷಯ ಮಾತಾಡಲು ಹೊರಟಿದ್ದರು ಎಂಬುದು ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ, ಅವರ ಧಾರ್ಮಿಕತೆಯ ಪ್ರಶ್ನಾವಳಿಯ ಅಂಕವೂ ಯಾರು ನಿಲ್ಲುತ್ತಾರೆ ಎಂದು ಹೇಳಲಿಲ್ಲ. ಸಣ್ಣ ಗುಂಪು, ಶೇಕಡಾವನ್ನು ಕಲ್ಲಿನ ಮೇಲೆ ಕೆತ್ತಬೇಕಿಲ್ಲ. ಆದರೆ ‘ಸೌಹಾರ್ದ 80ನೇ ಪರ್ಸೆಂಟೈಲ್’ ಎಂಬ ವರದಿ ಕೈಯಲ್ಲಿ ಹಿಡಿದಾಗ ಗಡಿಯಾರದ ಮುಳ್ಳೂ ಒಂದು ಗುಣವೇ ಎಂಬುದು ನೆನಪಿರಲಿ.

ಹಾಗಾದರೆ ಏರುಪೇರನ್ನೇ ಅಳೆಯುವ ಪರೀಕ್ಷೆ ಇಲ್ಲವೇ? ಇದೆ, ಆದರೆ ಕೊಳ್ಳಲು ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಮಿಶೆಲ್ ತನ್ನ ಸಹೋದ್ಯೋಗಿ ಯುಯಿಚಿ ಶೋಡಾ ಜೊತೆ ಮಕ್ಕಳ ಬೇಸಿಗೆ ಶಿಬಿರವೊಂದರಲ್ಲಿ ಒಬ್ಬೊಬ್ಬ ಮಗುವನ್ನು ವಾರಗಟ್ಟಲೆ ಗಮನಿಸಿದ. ಓರಗೆಯವರು ಕೀಟಲೆ ಮಾಡಿದಾಗ, ಓರಗೆಯವರು ಸ್ನೇಹದಿಂದ ಬಂದಾಗ, ದೊಡ್ಡವರು ಹೊಗಳಿದಾಗ, ಎಚ್ಚರಿಸಿದಾಗ, ಶಿಕ್ಷಿಸಿದಾಗ: ಈ ಐದು ಸಂದರ್ಭಗಳಲ್ಲಿ ಪ್ರತಿ ಮಗುವಿನ ಸಿಟ್ಟಿನ ಏರಿಳಿತಕ್ಕೆ ತನ್ನದೇ ಆಕಾರ ಇತ್ತು. ಒಬ್ಬ ಗೆಳೆಯರು ಕೆಣಕಿದರೆ ಸಿಡಿಯುವವನು, ದೊಡ್ಡವರು ಬೈದರೆ ಸುಮ್ಮನಿರುವವನು. ಇನ್ನೊಬ್ಬ ಸರಿಯಾಗಿ ತದ್ವಿರುದ್ಧ. ಆ ಆಕಾರ ಮತ್ತೆ ಮತ್ತೆ ಅದೇ ಥರ ಬರುತ್ತಿತ್ತು. ಮೇಲ್ನೋಟಕ್ಕೆ ಅಸಂಗತಿ ಎನಿಸಿದ್ದರ ಒಳಗೆ ಮನುಷ್ಯನ ಗುರುತು ಇದೆ.

ಮಾಡುವ ವಿಧಾನ ಇದು. ಒಂದೇ ಗುಣ ಆರಿಸಿಕೊಳ್ಳಿ, ಅದನ್ನು ಕಣ್ಣಿಗೆ ಕಾಣುವ ಕ್ರಿಯೆಯಾಗಿ ಬರೆಯಿರಿ. ‘ಸಿಟ್ಟು’ ಎಂದು ಬರೆದರೆ ಲೆಕ್ಕ ಸಿಗುವುದಿಲ್ಲ, ‘ದನಿ ಏರಿಸಿದ್ದು’ ಎಂದರೆ ಸಿಗುತ್ತದೆ. ಮೂರೋ ನಾಲ್ಕೋ ಸಂದರ್ಭ ಆರಿಸಿ. ಆಫೀಸು, ಮನೆ ಎಂದು ಜಾಗ ಹಿಡಿಯಬೇಡಿ, ಎದುರಿಗಿರುವವರು ಏನು ಮಾಡಿದರು ಎಂಬುದನ್ನು ಹಿಡಿಯಿರಿ: ಮೇಲಿನವರು ತಪ್ಪು ಎತ್ತಿ ತೋರಿಸಿದಾಗ, ಕೈಕೆಳಗಿನವರು ಅಥವಾ ಮಕ್ಕಳು ಹೇಳಿದ್ದು ಮಾಡದಿದ್ದಾಗ, ಸುಮ್ಮನೆ ಕಾಯಬೇಕಾಗಿ ಬಂದಾಗ. ಸಂದರ್ಭ ಬಂದಾಗಲೆಲ್ಲ ಫೋನಿನಲ್ಲೋ ಸಣ್ಣ ಪುಸ್ತಕದಲ್ಲೋ ಒಂದು ಗೆರೆ, ದನಿ ಏರಿದ್ದರೆ ಗೆರೆಯ ಮೇಲೊಂದು ಅಡ್ಡಗೆರೆ. ದನಿ ಏರದ ಸಲಗಳನ್ನೂ ಬರೆಯಲೇಬೇಕು, ಹೆಚ್ಚಿನವರು ತಪ್ಪುವುದು ಇಲ್ಲೇ. ಛೇದ ಇಲ್ಲದ ಅಂಶಕ್ಕೆ ಅರ್ಥವಿಲ್ಲ. ಮೂರು-ನಾಲ್ಕು ವಾರ ನಡೆಸಿ, ಒಂದೊಂದು ಸಂದರ್ಭಕ್ಕೆ ಕನಿಷ್ಠ ಎಂಟು-ಹತ್ತು ಗೆರೆ ಸೇರಲಿ.

ಫಲಿತಾಂಶ ಹೀಗಿದೆ ಎಂದುಕೊಳ್ಳಿ. ಒಬ್ಬರದು ಮೇಲಿನವರ ಎದುರು 12ಕ್ಕೆ 1, ಕೆಳಗಿನವರ ಎದುರು 10ಕ್ಕೆ 7, ಕಾಯುವಾಗ 15ಕ್ಕೆ 6. ಇನ್ನೊಬ್ಬರದು ಮೇಲಿನವರ ಎದುರು 12ಕ್ಕೆ 9, ಕೆಳಗಿನವರ ಎದುರು 10ಕ್ಕೆ 0, ಕಾಯುವಾಗ 15ಕ್ಕೆ 5. ಕೂಡಿದರೆ ಇಬ್ಬರದೂ 37ಕ್ಕೆ 14, ಶೇ 38. ಪ್ರಶ್ನಾವಳಿ ಇಬ್ಬರಿಗೂ ‘ಸಿಟ್ಟು: ಸಾಧಾರಣ’ ಎಂದು ಒಂದೇ ಅಂಕ ಕೊಡಬಹುದು. ಇವರಲ್ಲಿ ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಎಂದು ಕೇಳಿದರೆ ಉತ್ತರಕ್ಕೆ ಒಂದು ಕ್ಷಣವೂ ಬೇಡ.

ಆಕಾರ ನಿಜವೋ ಆಕಸ್ಮಿಕವೋ ತಿಳಿಯಲು ಬೆಸ ತಾರೀಖಿನ ಗೆರೆಗಳನ್ನು ಒಂದು ಕಡೆ, ಸರಿ ತಾರೀಖಿನವನ್ನು ಇನ್ನೊಂದು ಕಡೆ ಕೂಡಿಸಿ. ಎರಡರಲ್ಲೂ ಅದೇ ಏರಿಳಿತ ಕಂಡರೆ ನಂಬಬಹುದು, ಇಲ್ಲದಿದ್ದರೆ ಇನ್ನೆರಡು ವಾರ. ಕೆಡುವುದು ಮೂರು ಕಡೆ. ರಾತ್ರಿ ಕೂತು ನೆನಪಿನಿಂದ ಬರೆದರೆ ದೊಡ್ಡ ರಂಪಗಳು ಮಾತ್ರ ಉಳಿಯುತ್ತವೆ. ಗಮನಿಸಲು ಶುರುಮಾಡಿದ ಮೊದಲ ವಾರ ಎಲ್ಲರೂ ಸಾಧುಗಳಾಗುತ್ತಾರೆ, ಹಾಗಾಗಿ ಆ ವಾರದ ಲೆಕ್ಕ ಕೈಬಿಡಿ. ಇನ್ನು, ತನ್ನ ದನಿ ಏರಿದ್ದು ತನಗೇ ಕೇಳಿಸುವುದಿಲ್ಲ. ಜೊತೆಗಿರುವವರೊಬ್ಬರು ಪ್ರತ್ಯೇಕವಾಗಿ ಬರೆದುಕೊಂಡರೆ ಉತ್ತಮ. ಒಳಗಿನ ಆತಂಕ, ಬೇಸರದ ವಿಷಯಕ್ಕೆ ನಮ್ಮ ಮಾತೇ ಹೆಚ್ಚು ನಂಬಿಕಸ್ತ, ಹೊರಗೆ ಕಾಣುವ ನಡತೆಗೆ ಪಕ್ಕದವರ ಮಾತು. ಐಪಿಐಪಿ-ನಿಯೋವನ್ನೂ ನಿಮ್ಮ ಪರವಾಗಿ ಇನ್ನೊಬ್ಬರಿಂದ ತುಂಬಿಸಿ ಹೋಲಿಸಬಹುದು. ಅಥವಾ ನೀವೇ ಎರಡು ಸಲ ತುಂಬಿ, ಪ್ರತಿ ಪ್ರಶ್ನೆಗೂ ಒಮ್ಮೆ ‘ಕೆಲಸದ ಜಾಗದಲ್ಲಿ’, ಒಮ್ಮೆ ‘ಮನೆಯಲ್ಲಿ’ ಎಂದು ಸೇರಿಸಿಕೊಂಡು ಓದಿ. ‘ಕೆಲಸದ ಜಾಗದಲ್ಲಿ’ ಎಂದು ಸೇರಿಸಿದ ಪ್ರಶ್ನಾವಳಿ ಕೆಲಸದ ನಡತೆಯನ್ನು ಹೆಚ್ಚು ಸರಿಯಾಗಿ ಊಹಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಮಾತು.

ಅಂಕ ಕೊಡುವುದಾದರೆ ಐಪಿಐಪಿ-ನಿಯೋ 120ಕ್ಕೆ ಐದಕ್ಕೆ ನಾಲ್ಕು. ಹೆಕ್ಸಾಕೊಗೂ ನಾಲ್ಕು, ಆದರೆ ಫಲಿತಾಂಶ ಬೇರೆಯವರ ಕೈಗೆ ಹೋಗುವುದಾದರೆ ಎರಡೇ. ಗೆರೆ ಎಳೆಯುವ ಪುಸ್ತಕಕ್ಕೆ ನಾಲ್ಕೂವರೆ, ಅರ್ಧ ಅಂಕ ಕಡಿದದ್ದು ಅದು ಕೇಳುವ ತಾಳ್ಮೆಗೆ. ಮೂರೂ ಪುಕ್ಕಟೆ.

ಕಂಪನಿಯವರು ಪರೀಕ್ಷೆಗೆ ಕೂರಿಸಿದರೆ ಕೇಳಬೇಕಾದದ್ದು ಇಷ್ಟು. ಇದು ಯಾವ ಪರೀಕ್ಷೆಯ ಯಾವ ಆವೃತ್ತಿ, ಮರುಪರೀಕ್ಷೆಯ ವಿಶ್ವಾಸಾರ್ಹತೆ ಎಷ್ಟು, ಹೋಲಿಕೆಯ ಗುಂಪು ಯಾವ ದೇಶದ್ದು, ಅಕ್ಷರದ ಬದಲು ಮೂಲ ಅಂಕ ಸಿಗುತ್ತದೆಯೇ, ಫಲಿತಾಂಶ ಯಾರ ಫೈಲಿನಲ್ಲಿ ಎಷ್ಟು ಕಾಲ ಇರುತ್ತದೆ. ಎಂಬಿಟಿಐ ಆಗಿದ್ದರೆ, ನೇಮಕಾತಿಗೆ ಇದನ್ನು ಬಳಸಬಾರದು ಎಂದು ಅದನ್ನು ಹೊರತರುವವರೇ ಹೇಳುತ್ತಾರೆ ಎಂಬುದನ್ನು ತಿಳಿಸಿ. ಇನ್ನು ಏರುಪೇರು ನಿದ್ದೆ, ಊಟ, ಕೆಲಸಗಳನ್ನೇ ಕೆಡಿಸುವಷ್ಟಿದ್ದರೆ, ಒಂದು ವಾರ ಆಕಾಶದಲ್ಲಿ, ಮುಂದಿನ ವಾರ ಹಾಸಿಗೆಯಲ್ಲಿ ಎಂಬಂತಿದ್ದರೆ, ಈ ಯಾವ ತಾಣವೂ ಅದಕ್ಕಲ್ಲ. ನಿಮ್ಹಾನ್ಸ್‌ನಂಥ ಆಸ್ಪತ್ರೆಯಲ್ಲೋ ಊರಿನ ಮನೋವೈದ್ಯರ ಹತ್ತಿರವೋ ಹೋಗಿ, ನಿಮ್ಮ ಗೆರೆಗಳ ಪುಸ್ತಕ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ನಾಲ್ಕಕ್ಷರದ ಪ್ರಿಂಟ್‌ಔಟ್ ಬೇಕಿಲ್ಲ.